ಬಿಟ್ಟ ಊರಿನ ಬಾಲ್ಯ ಮತ್ತು ವಾಕ್ಯದ ಕೊನೆಯ ಕ್ರಿಯಾಪದ

ಪ್ರಶ್ನೆ: ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. 1991ರಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ತಂದೆಯವರ ಕೆಲಸದ ನಿಮಿತ್ತ ನಮ್ಮ ಕುಟುಂಬ ದೇಶ ಬಿಟ್ಟಿತು. ಈಗ ಮೆಲ್ಬರ್ನ್‌ನಲ್ಲಿದ್ದೇನೆ. ಹುಬ್ಬಳ್ಳಿಯ ಆ ವರ್ಷಗಳನ್ನು ಬರೆಯಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಬರೆದದ್ದನ್ನು ಓದಿದ ಗೆಳೆಯರು ‘ಚೆನ್ನಾಗಿದೆ, ಆದರೆ ಎಲ್ಲರ ಬಾಲ್ಯವೂ ಹೀಗೇ ಅಲ್ಲವೇ’ ಎನ್ನುತ್ತಾರೆ. ಹಿರಿಯರೊಬ್ಬರು ‘ಮೊದಲು ಬರೆಯುವವನ ಕಣ್ಣಿನಿಂದ ಓದಲು ಕಲಿ’ ಎಂದರು. ನಾನು ಸಾಕಷ್ಟು ಓದುವವನೇ. ಇಷ್ಟವಾದ ಸಾಲುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಇದಕ್ಕಿಂತ ಹೆಚ್ಚಿನದು ಏನು ಮಾಡಬೇಕು? ಒಮ್ಮೆ ಹುಬ್ಬಳ್ಳಿಗೆ ಬಂದು ಎಲ್ಲವನ್ನೂ ನೋಡಿದ ಮೇಲೆ ಬರೆಯುವುದು ಲೇಸೇ? ಇಂಗ್ಲಿಷಿನಲ್ಲಿ ಬರೆದರೆ ಸುಲಭವಾದೀತೇ? ಮಾದರಿಗಾಗಿ ಒಂದು ಪುಟ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪ್ರಶ್ನೆಗಿಂತ ನೀವು ಲಗತ್ತಿಸಿದ ಪುಟವೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿತು. ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ. ಓದುಗರಿಗೂ ತಿಳಿಯಲೆಂದು ಅದರ ಒಂದು ಭಾಗವನ್ನು ಇಲ್ಲಿ ಎತ್ತಿಕೊಡುತ್ತಿದ್ದೇನೆ:

‘ನಮ್ಮ ಓಣಿಯಲ್ಲಿ ಎಲ್ಲರೂ ಒಂದೇ ಮನೆಯವರಂತೆ ಇರುತ್ತಿದ್ದೆವು. ಸಂಜೆಯಾದರೆ ಹುಡುಗರೆಲ್ಲ ಸೇರಿ ಚಿಣಿಫಣಿ ಆಡುತ್ತಿದ್ದೆವು. ಅಜ್ಜಿ ಕಟ್ಟೆಯ ಮೇಲೆ ಕುಳಿತು ಕತೆ ಹೇಳುತ್ತಿದ್ದರು. ಭಾನುವಾರ ಅಪ್ಪ ದುರ್ಗದಬೈಲಿಗೆ ಕರೆದುಕೊಂಡು ಹೋಗಿ ಗಿರಮಿಟ್ಟು ಕೊಡಿಸುತ್ತಿದ್ದರು. ಶ್ರಾವಣ ಬಂದರೆ ಸಿದ್ಧಾರೂಢ ಮಠಕ್ಕೆ ಹೋಗುತ್ತಿದ್ದೆವು. ಸೂಟಿಯಲ್ಲಿ ಗದಗ ಜಿಲ್ಲೆಯ ಅಜ್ಜನ ಊರಿಗೆ ಹೋಗುತ್ತಿದ್ದೆವು. ಎಂಥ ಸುಂದರ ದಿನಗಳು ಅವು! ನಾವು ಹೊರಡುವ ದಿನ ನನ್ನ ಚಪ್ಪಲಿ ಸಿಗಲಿಲ್ಲ. ಆಟೋದವನು ಎರಡು ಸಲ ಹಾರ್ನ್ ಹೊಡೆದ. ಅಜ್ಜಿ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಬರಿಗಾಲಲ್ಲೇ ಆಟೋ ಹತ್ತಿದೆ. ಆಮೇಲೆ ವಿಮಾನದಲ್ಲಿ ಹೊಸ ದೇಶಕ್ಕೆ ಹೋದೆವು. ಅಲ್ಲಿ ನಮ್ಮ ಕಷ್ಟದ ದಿನಗಳು ಆರಂಭವಾದವು.’

ಇದನ್ನು ಈಗ ಬರೆದವರಾಗಿ ಅಲ್ಲ, ಬೇರೆ ಯಾರೋ ಬರೆದದ್ದು ಎಂದುಕೊಂಡು ಓದಿ, ಮತ್ತು ಪ್ರತಿ ವಾಕ್ಯದ ಕೊನೆಯ ಪದದ ಮೇಲೆ ಬೆರಳಿಟ್ಟು ಓದಿ. ಇರುತ್ತಿದ್ದೆವು, ಆಡುತ್ತಿದ್ದೆವು, ಹೇಳುತ್ತಿದ್ದರು, ಕೊಡಿಸುತ್ತಿದ್ದರು, ಹೋಗುತ್ತಿದ್ದೆವು, ಹೋಗುತ್ತಿದ್ದೆವು. ನಂತರ ಒಮ್ಮೆಲೇ: ಸಿಗಲಿಲ್ಲ, ಹೊಡೆದ, ಬರಲಿಲ್ಲ, ಹತ್ತಿದೆ. ಮೊದಲ ಗುಂಪಿನ ವಾಕ್ಯಗಳಲ್ಲಿ ಯಾವ ದಿನವೂ ಇಲ್ಲ. ಎಷ್ಟೋ ದಿನಗಳನ್ನು ಸೇರಿಸಿ ಕಟ್ಟಿದ ಒಂದು ಮೂಟೆ ಇದೆ. ಎರಡನೆಯ ಗುಂಪಿನಲ್ಲಿ ಒಂದೇ ಒಂದು ದಿನ ಇದೆ, ಅದರಲ್ಲಿಯೂ ಕೆಲವೇ ನಿಮಿಷಗಳಿವೆ. ಗೆಳೆಯರು ‘ಎಲ್ಲರ ಬಾಲ್ಯವೂ ಹೀಗೇ’ ಎಂದದ್ದು ಮೊದಲ ಗುಂಪನ್ನು ಕುರಿತು, ಮತ್ತು ಅವರು ಹೇಳಿದ್ದು ಸರಿ. ಆ ವಾಕ್ಯಗಳಲ್ಲಿ ದುರ್ಗದಬೈಲು ತೆಗೆದು ಧಾರವಾಡದ ಮಾರ್ಕೆಟ್ ಹಾಕಿದರೂ, ಗಿರಮಿಟ್ಟು ತೆಗೆದು ಮಿರ್ಚಿ ಭಜಿ ಹಾಕಿದರೂ ಏನೂ ಕೆಡುವುದಿಲ್ಲ. ಬರಿಗಾಲಲ್ಲಿ ಆಟೋ ಹತ್ತಿದ ಹುಡುಗನ ಜಾಗದಲ್ಲಿ ಮಾತ್ರ ಇನ್ನೊಬ್ಬ ಹುಡುಗನನ್ನು ಕೂಡಿಸಲು ಬರುವುದಿಲ್ಲ. ದುಃಖದ ಸಂಗತಿಯೆಂದರೆ, ಆ ಹುಡುಗನಿಗೆ ನೀವು ಕೊಟ್ಟದ್ದು ನಾಲ್ಕು ಚಿಕ್ಕ ವಾಕ್ಯ. ಐದನೆಯದರಲ್ಲಿ ವಿಮಾನ ಏರಿಸಿ ಕಳಿಸಿಯೇಬಿಟ್ಟಿದ್ದೀರಿ.

ಬರೆಯುವವನ ಕಣ್ಣಿನಿಂದ ಓದುವುದೆಂದರೆ ಬಹುಪಾಲು ಇದೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಓದುವ ಕಣ್ಣು ಅಲ್ಲಿಗೆ ಬರುವಷ್ಟರಲ್ಲಿ ಅರ್ಥ ಮುಕ್ಕಾಲು ಪಾಲು ತಿಳಿದಿರುವುದರಿಂದ, ಕೊನೆಯ ಪದವನ್ನು ನಾವು ನೋಡಿದಂತೆ ಮಾಡಿ ಮುಂದಿನ ವಾಕ್ಯಕ್ಕೆ ಹಾರುತ್ತೇವೆ. ಆದರೆ ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆ, ಹೇಳುತ್ತಿರುವುದನ್ನು ಸ್ವತಃ ಕಂಡನೋ ಕೇಳಿದನೋ ಊಹಿಸಿದನೋ, ಅದು ಒಮ್ಮೆ ನಡೆಯಿತೋ ದಿನಾಲೂ ನಡೆಯುತ್ತಿತ್ತೋ ಎಂಬ ಎಲ್ಲ ಲೆಕ್ಕವನ್ನೂ ನಮ್ಮ ಭಾಷೆ ಇಟ್ಟಿರುವುದು ಆ ಕೊನೆಯ ಪದದಲ್ಲಿಯೇ. ನಿಮ್ಮ ವಹಿಯಲ್ಲಿ ನೀವು ಬರೆದಿಟ್ಟುಕೊಂಡ ಸಾಲುಗಳನ್ನು ಒಮ್ಮೆ ತೆರೆದು ನೋಡಿ. ಅವುಗಳಲ್ಲಿ ಹೆಚ್ಚಿನವು ಚೆಂದದ ಉಪಮೆಗಳಾಗಿರುತ್ತವೆ, ಇಲ್ಲವೇ ಬದುಕನ್ನು ಕುರಿತ ಹೇಳಿಕೆಗಳಾಗಿರುತ್ತವೆ ಎಂದು ನನ್ನ ಅಂದಾಜು. ಅಂಥ ವಹಿಯಿಂದ ಬರವಣಿಗೆಗೆ ಆಗುವ ಪ್ರಯೋಜನ ತೀರಾ ಕಡಿಮೆ ಎಂಬುದು ವರ್ಷಗಟ್ಟಲೆ ವಿದ್ಯಾರ್ಥಿಗಳ ವಹಿಗಳನ್ನು ನೋಡಿದ ನನ್ನ ಅಭಿಪ್ರಾಯ. ಚೆಂದದ ಸಾಲು ತನ್ನ ಪುಟದಿಂದ ಕಿತ್ತು ತಂದೊಡನೆ ತಾನು ಮಾಡುತ್ತಿದ್ದ ಕೆಲಸವನ್ನು ಬಿಟ್ಟುಬಿಡುತ್ತದೆ; ಅದರ ಹಿಂದಿನ ಎರಡು ಸಪ್ಪೆ ವಾಕ್ಯಗಳಲ್ಲಿ ಲೇಖಕ ಏನು ಸಿದ್ಧತೆ ಮಾಡಿಕೊಂಡಿದ್ದ ಎಂಬುದು ವಹಿಯಲ್ಲಿ ಉಳಿಯುವುದಿಲ್ಲ.

ನಿಮ್ಮ ಚಪ್ಪಲಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ನಿಮ್ಮ ಪುಟವನ್ನು ಓದಿದ ಯಾರಿಗಾದರೂ ಒಂದು ಅನುಮಾನ ಬಂದೇ ಬರುತ್ತದೆ: ಮೊಮ್ಮಗ ಹೊರಡದಿರಲಿ ಎಂದು ಅಜ್ಜಿಯೇ ಚಪ್ಪಲಿ ಬಚ್ಚಿಟ್ಟರೇ? ನೀವು ಅದನ್ನು ಹೇಳಿಲ್ಲ. ಹೇಳಬೇಕೆಂದು ಹೊರಟರೆ ಕನ್ನಡ ನಿಮ್ಮ ಮುಂದೆ ಕನಿಷ್ಠ ಮೂರು ದಾರಿಗಳನ್ನು ಇಡುತ್ತದೆ. ‘ಅಜ್ಜಿ ನನ್ನ ಚಪ್ಪಲಿಯನ್ನು ಬಚ್ಚಿಟ್ಟರು’ ಎಂದು ಬರೆದರೆ ನೀವು ಅದನ್ನು ಕಣ್ಣಾರೆ ಕಂಡಿರಿ ಎಂದಾಗುತ್ತದೆ. ಕಂಡಿದ್ದರೆ ಚಪ್ಪಲಿ ಸಿಗಲಿಲ್ಲ ಎನ್ನುವ ಮಾತೇ ಸುಳ್ಳಾಗುತ್ತದೆ, ಅಥವಾ ಒಂಬತ್ತರ ಹುಡುಗನೂ ಅಜ್ಜಿಯ ಗುಟ್ಟಿನಲ್ಲಿ ಪಾಲುದಾರನಾಗಿದ್ದ ಎಂಬ ಬೇರೆಯೇ ಕತೆ ಹುಟ್ಟುತ್ತದೆ. ‘ಅಜ್ಜಿ ನನ್ನ ಚಪ್ಪಲಿಯನ್ನು ಬಚ್ಚಿಟ್ಟಿದ್ದರಂತೆ’ ಎಂದರೆ ಆ ಸಂಗತಿಯನ್ನು ಯಾರೋ ಮುಂದೆ ಎಂದೋ ನಿಮಗೆ ಹೇಳಿದ್ದಾರೆ. ಹೇಳಿದವರು ಯಾರು, ಯಾವ ಊರಲ್ಲಿ, ಅಜ್ಜಿ ಇದ್ದಾಗಲೋ ಹೋದ ಮೇಲೋ ಎಂಬ ಪ್ರಶ್ನೆಗಳು ಆ ಒಂದು ‘ಅಂತೆ’ಯ ಹಿಂದೆ ಸಾಲುಗಟ್ಟಿ ನಿಲ್ಲುತ್ತವೆ, ಓದುಗನಿಗೆ ಅವುಗಳಲ್ಲಿ ಒಂದಕ್ಕಾದರೂ ನೀವು ಉತ್ತರ ಕೊಡಬೇಕಾಗುತ್ತದೆ. ‘ಬಚ್ಚಿಟ್ಟಿರಬೇಕು’ ಎಂದರೆ ಮಾತನಾಡುತ್ತಿರುವವನು ಒಂಬತ್ತು ವರ್ಷದ ಹುಡುಗನಲ್ಲ, ಮೆಲ್ಬರ್ನ್‌ನಲ್ಲಿ ಕುಳಿತು ನಡುವಯಸ್ಸಿನಲ್ಲಿ ಲೆಕ್ಕ ಹಾಕುತ್ತಿರುವ ನೀವು. ಏನನ್ನೂ ಹೇಳದೆ ‘ಸಿಗಲಿಲ್ಲ’ ಎಂದಷ್ಟೇ ಬಿಡುವುದು ನೀವು ಈಗ ಮಾಡಿರುವುದು. ನನ್ನ ಮನಸ್ಸಿಗೆ ಅದೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ಆ ಬೆಳಗಿನಲ್ಲಿ ಹುಡುಗನಿಗೆ ಗೊತ್ತಿದ್ದದ್ದು ಅಷ್ಟೇ. ಆದರೆ ನೀವು ಅದನ್ನು ಆರಿಸಿಕೊಂಡು ಬಿಟ್ಟಿರೋ ಅಥವಾ ಅವಸರದಲ್ಲಿ ಬಿಟ್ಟುಹೋಯಿತೋ ಎಂಬುದು ನಿಮ್ಮ ಪುಟದಿಂದ ತಿಳಿಯುವುದಿಲ್ಲ. ಮುಂದಿನ ವಾಕ್ಯದ ವೇಗ ನೋಡಿದರೆ ಅವಸರವೇ ಕಾರಣ ಎನಿಸುತ್ತದೆ.

ಈ ಮೂರು ಬಗೆಯ ತಿಳಿವನ್ನು, ಅಂದರೆ ಕಂಡದ್ದು, ಕೇಳಿದ್ದು, ಊಹಿಸಿದ್ದು ಇವನ್ನು ಬಲ್ಲ ಲೇಖಕರು ಹೇಗೆ ಬೇರೆಬೇರೆಯಾಗಿ ಇಡುತ್ತಾರೆ ಎಂಬುದನ್ನು ನೋಡಲು ನೀವು ಧಾರವಾಡದಿಂದ ಆಚೆ ಹೋಗಬೇಕಾಗಿಲ್ಲ. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ದ ಅರ್ಪಣೆಯಲ್ಲಿ ಅವರು ತಾವು ಹುಟ್ಟುವುದಕ್ಕೆ ಮೊದಲಿನ ಒಂದು ಪ್ರಸಂಗವನ್ನು ಹೇಳುತ್ತಾರೆ: ಈ ಮಗು ಬೇಡವೆಂದು ತಾಯಿ ಪುಣೆಯಲ್ಲಿ ವೈದ್ಯರ ಬಳಿ ಹೋಗಿದ್ದು, ವೈದ್ಯೆ ಬಾರದ್ದರಿಂದ ಹಿಂದಿರುಗಿದ್ದು. ಯಾವ ಮನುಷ್ಯನಿಗೂ ತಾನು ಹುಟ್ಟುವ ಮೊದಲಿನ ನೆನಪು ಇರಲಾರದು. ಅವರು ಅದನ್ನು ನೆನಪಿನ ಹಾಗೆ ಬರೆಯಲೂ ಇಲ್ಲ. ಮನೆಯಲ್ಲಿ ಊಟಕ್ಕೆ ಕುಳಿತಾಗ ತಾಯಿಯ ಬಾಯಿಂದ ಬಂದ ಮಾತಾಗಿ ಬರೆದರು. ಆ ಮಾತನ್ನು ತಾಯಿ ಆಡಿದಾಗ ಮಗ ಪ್ರಾಯಕ್ಕೆ ಬಂದವನು, ಹೆಸರು ಮಾಡಿದವನು. ಕೇಳಿದ ಕ್ಷಣವೇ ಅಲ್ಲಿ ನಿಜವಾದ ನೆನಪು, ಕೇಳಿದ ಸಂಗತಿ ಅದರೊಳಗೆ ಬರುತ್ತದೆ. ಆ ಪುಟಗಳನ್ನು ಬೆರಳಿಟ್ಟು ಓದಿ, ತಾಯಿಯ ಮಾತು ಎಲ್ಲಿ ಮುಗಿಯುತ್ತದೆ, ಮಗನ ಬೆರಗು ಎಲ್ಲಿ ಆರಂಭವಾಗುತ್ತದೆ ಎಂದು ಗುರುತು ಹಾಕಿ. ಇದು ಸಾಲುಗಳನ್ನು ವಹಿಗೆ ಇಳಿಸುವುದಕ್ಕಿಂತ ಹೆಚ್ಚು ಶ್ರಮದ ಕೆಲಸ, ಹೆಚ್ಚು ಫಲದ್ದೂ ಹೌದು.

ಇಷ್ಟು ನಿಧಾನವಾಗಿ ಓದುವುದು ಪಶ್ಚಿಮದ ಯಾವುದೋ ತರಬೇತಿ ಶಿಬಿರದಿಂದ ಬಂದ ಪದ್ಧತಿ ಎಂದು ತಿಳಿಯಬೇಕಾಗಿಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ತನ್ನ ಭಾರತವನ್ನು ಬರೆದನೆಂದು ನಮ್ಮಲ್ಲಿ ಪರಂಪರೆಯ ನಂಬಿಕೆ. ಆ ಕಾವ್ಯವನ್ನು ಜನ ಶತಮಾನಗಳಿಂದ ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಓದುತ್ತ ಬಂದಿದ್ದಾರೆ. ಗಮಕದಲ್ಲಿ ವಾಚನಕಾರರು ಒಂದು ಪದ್ಯವನ್ನು ಹಾಡಿ ನಿಲ್ಲುತ್ತಾರೆ. ವ್ಯಾಖ್ಯಾನಕಾರರು ಆ ಪದ್ಯವನ್ನು ಬಿಡಿಸಿ ಹೇಳಿದ ಮೇಲೆಯೇ ಮುಂದಿನದು. ಭಾಮಿನಿ ಷಟ್ಪದಿಯ ಆರು ಸಾಲುಗಳಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 23 ಮಾತ್ರೆ. ಹೀಗಾಗಿ ಕೇಳುವವರಿಗೆ ಎರಡು ಗಿಡ್ಡ ಸಾಲುಗಳಾದ ಮೇಲೆ ಒಂದು ಉದ್ದನೆಯದು ಬರುತ್ತದೆ, ಅಲ್ಲಿ ಅರ್ಧ ಪದ್ಯ ಮುಗಿಯುತ್ತದೆ ಎಂಬುದು ಛಂದಸ್ಸು ಕಲಿಯದಿದ್ದರೂ ಗೊತ್ತಿರುತ್ತದೆ. ನಮ್ಮ ಕಡೆಯ ಮಠಗಳಲ್ಲಿ ಶ್ರಾವಣಮಾಸದಲ್ಲಿ ಪುರಾಣ ಹಚ್ಚುವ ರೂಢಿಯೂ ಇಂಥದೇ. ಶಾಸ್ತ್ರಿಗಳು ಒಂದು ಪ್ರಸಂಗವನ್ನು ಹಿಡಿದು ತಿಂಗಳುಗಟ್ಟಲೆ ಎಳೆಯುತ್ತಾರೆ ಎಂದು ನಾವು ನಗುತ್ತಿದ್ದೆವು. ಒಂದೇ ವಾಕ್ಯದಿಂದ ಎಷ್ಟೆಲ್ಲ ಪ್ರಶ್ನೆ ಎಬ್ಬಿಸಬಹುದು ಎಂಬುದನ್ನು ಕಲಿಸಿದವರೂ ಅವರೇ. ನೀವೂ ಗದ್ಯವನ್ನು ಹಾಗೆ ಓದಿ ನೋಡಿ: ಒಂದು ಪ್ಯಾರಾ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ, ಅಲ್ಲಿ ಏನು ನಡೆಯಿತು ಮತ್ತು ಅದನ್ನು ಹೇಳುತ್ತಿರುವವರು ಯಾರು ಎಂದು ಮನೆಯಲ್ಲಿ ಯಾರಿಗಾದರೂ ವಿವರಿಸಿ. ವಿವರಿಸುವಾಗ ಎಲ್ಲಿ ತಡವರಿಸುತ್ತೀರೋ ಅಲ್ಲಿಗೆ ಹಿಂದಿರುಗಿ ಓದಿ.

ಇನ್ನೊಂದು ಅಳತೆ ಕಾಲದ್ದು. ನೀವು ಮೆಚ್ಚಿದ ಯಾವುದೇ ಆತ್ಮಕಥೆಯ ಒಂದು ಅಧ್ಯಾಯವನ್ನು ತೆಗೆದುಕೊಂಡು, ಪ್ರತಿ ಪುಟದ ಅಂಚಿನಲ್ಲಿ ಆ ಪುಟದಲ್ಲಿ ಕಳೆದ ಕಾಲ ಎಷ್ಟು ಎಂದು ಪೆನ್ಸಿಲ್ಲಿನಿಂದ ಬರೆಯಿರಿ. ಕೆಲವು ಪುಟಗಳಲ್ಲಿ ಎರಡು ವರ್ಷ ಕಳೆದಿರುತ್ತದೆ, ಕೆಲವು ಪುಟಗಳಲ್ಲಿ ಎರಡು ನಿಮಿಷ. ಎಲ್ಲಿ ಲೇಖಕ ಓಡಿದ, ಎಲ್ಲಿ ಕುಳಿತ ಎಂಬುದು ಕಾಣತೊಡಗಿದರೆ ಅವನು ಯಾವುದನ್ನು ಬೆಲೆಯುಳ್ಳದ್ದೆಂದು ಬಗೆದ ಎಂಬುದೂ ಕಾಣುತ್ತದೆ, ಅವನು ಬಾಯಿಬಿಟ್ಟು ಹೇಳದಿದ್ದರೂ. ನಿಮ್ಮ ಪುಟಕ್ಕೆ ಈ ಅಳತೆ ಹಚ್ಚಿದರೆ, ಒಂಬತ್ತು ವರ್ಷಕ್ಕೆ ಏಳು ವಾಕ್ಯ, ಬಾಗಿಲಲ್ಲಿ ಆಟೋ ನಿಂತಿದ್ದ ಆ ಹೊತ್ತಿಗೆ ನಾಲ್ಕು ವಾಕ್ಯ, ಸಮುದ್ರ ದಾಟಿದ್ದಕ್ಕೆ ಒಂದು. ಮೊದಲನೆಯದನ್ನು ಇನ್ನೂ ಕಡಿಮೆ ಮಾಡಿ, ಎರಡನೆಯದನ್ನು ನಾಲ್ಕು ಪುಟ ಮಾಡಿ ಎಂಬುದು ನನ್ನ ಸಲಹೆ. ‘ಎಂಥ ಸುಂದರ ದಿನಗಳು ಅವು’ ಎಂಬ ಉದ್ಗಾರವನ್ನು ಮಾತ್ರ ದಯವಿಟ್ಟು ತೆಗೆದುಬಿಡಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ದಿನಾಲೂ ನಡೆಯುತ್ತಿದ್ದದ್ದೇ ಬಾಲ್ಯವಲ್ಲವೇ? ಅದನ್ನು ರೂಢಿಯ ಕ್ರಿಯಾಪದದಲ್ಲಿ ಹೇಳುವುದರಲ್ಲಿ ತಪ್ಪೇನು?’ ತಪ್ಪೇನೂ ಇಲ್ಲ. ಒಳ್ಳೆಯ ಬರಹಗಳಲ್ಲೆಲ್ಲ ‘ಹೋಗುತ್ತಿದ್ದೆ, ಬರುತ್ತಿದ್ದೆ’ ಇದ್ದೇ ಇದೆ. ಅಲ್ಲಿ ಅದರ ಕೆಲಸ ನೆಲ ಹದ ಮಾಡುವುದು. ಒಂದು ದಿನ ಆ ರೂಢಿ ತಪ್ಪಿದ್ದನ್ನು ಹೇಳಲು ಅದು ಬೇಕು. ಊರು ಬಿಟ್ಟವರ ಬರವಣಿಗೆಯಲ್ಲಿ ನೆಲವನ್ನೇ ಪುಟಗಟ್ಟಲೆ ಹದ ಮಾಡುತ್ತಾರೆ, ಬೀಜ ಬೀಳುವುದೇ ಇಲ್ಲ. ಇದಕ್ಕೆ ಕಾರಣ ಪ್ರತಿಭೆಯ ಕೊರತೆ ಎಂದು ನಾನು ತಿಳಿದಿಲ್ಲ. ಹೊರದೇಶದಲ್ಲಿ ನಮ್ಮವರು ಕೂಡಿದಾಗ, ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಸೇರಿದಾಗ, ಊರಿನ ಮಾತು ಬರುತ್ತದೆ. ಆಗ ನಿಮ್ಮ ಓಣಿಯನ್ನು ಶಿವಮೊಗ್ಗದವರಿಗೂ ಮಂಡ್ಯದವರಿಗೂ ತಿಳಿಯುವಂತೆ ಹೇಳಬೇಕಾಗುತ್ತದೆ. ಎಲ್ಲರೂ ತಲೆದೂಗುವ ಭಾಗ ಉಳಿಯುತ್ತದೆ, ಬೇರೆಯವರಿಗೆ ಅರ್ಥವಾಗದ ಭಾಗ ಉದುರುತ್ತದೆ. ಹತ್ತಾರು ವರ್ಷ ಹೀಗೆ ಹೇಳಿ ಹೇಳಿ ನುಣುಪಾದ ನೆನಪುಗಳೇ ಬರೆಯಲು ಕುಳಿತಾಗ ಮೊದಲು ಕೈಗೆ ಸಿಗುತ್ತವೆ. ಚಪ್ಪಲಿ ಸಿಗದ ಬೆಳಗನ್ನು ನೀವು ಅಂಥ ಕೂಟಗಳಲ್ಲಿ ಹೆಚ್ಚು ಹೇಳಿರಲಾರಿರಿ ಎಂದು ನಾನು ಊಹಿಸುತ್ತೇನೆ. ಅದಕ್ಕೇ ಅದು ಒರಟಾಗಿ ಉಳಿದಿದೆ. ಯಾರಿಗೂ ಹೇಳದ ನೆನಪುಗಳು ಇನ್ನೂ ಯಾವುವಿವೆ ಎಂದು ಹುಡುಕಿ. ಬರೆಯಬೇಕಾದದ್ದು ಬಹುತೇಕ ಅಲ್ಲಿಯೇ ಇರುತ್ತದೆ.

ಹೇಳಿದಷ್ಟೂ ನೆನಪು ಬದಲಾಗುತ್ತದೆ ಎಂಬುದು ಬರೀ ಸಾಹಿತ್ಯದವರ ಮಾತಲ್ಲ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕತೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಆಮೇಲೆ ಮತ್ತೆ ಮತ್ತೆ ನೆನಪಿನಿಂದ ಹೇಳಿಸಿದರು. 1932ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಹೇಳುತ್ತ ಹೋದಂತೆ ಕತೆಯೊಳಗಿನ ಸೀಲ್ ಬೇಟೆ ಮೀನು ಹಿಡಿಯುವುದಾಯಿತು, ಅಲ್ಲಿನ ವಿಶಿಷ್ಟ ತೋಡುದೋಣಿ ಸಾಮಾನ್ಯ ದೋಣಿಯಾಯಿತು, ಅವರಿಗೆ ವಿಚಿತ್ರವೆನಿಸಿದ ಭಾಗಗಳು ಬಿದ್ದುಹೋದವು. ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ತಮಗೆ ಪರಿಚಿತವಾದ ಅಚ್ಚಿನಲ್ಲಿ ಕತೆ ತಾನಾಗಿ ಕುಳಿತುಕೊಂಡಿತು. ನಿಮ್ಮ ಪುಟದಲ್ಲಿ ‘ಒಂದೇ ಮನೆಯವರಂತೆ’ ಎಂಬ ಮಾತು ಬಂದದ್ದೂ ಹೀಗೆಯೇ. ಹುಬ್ಬಳ್ಳಿಯ ಯಾವ ಓಣಿಯಲ್ಲಿ ನಳದ ನೀರಿಗೆ ಕೊಡಗಳ ಸಾಲು ಹಚ್ಚಿ ಜಗಳವಾಡದ ದಿನವಿತ್ತು? ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು, ಬಂದಾಗ ನಿಮ್ಮನ್ನು ಯಾರು ಎಬ್ಬಿಸುತ್ತಿದ್ದರು, ನಿಮ್ಮ ಕೈಗೆ ಯಾವ ಪಾತ್ರೆ ಕೊಡುತ್ತಿದ್ದರು ಎಂದು ನೆನಪಿಸಿಕೊಂಡರೆ, ಆ ‘ಒಂದೇ ಮನೆ’ಯಲ್ಲಿ ಎಷ್ಟು ಒಲೆಗಳಿದ್ದವು ಎಂಬುದು ತಾನಾಗಿ ಬರುತ್ತದೆ.

ಇಂಗ್ಲಿಷಿನಲ್ಲಿ ಬರೆಯಲೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ವಿಯೋರಿಕಾ ಮೇರಿಯನ್ ಮತ್ತು ಉಲ್ರಿಕ್ ನೈಸರ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮೆರಿಕಕ್ಕೆ ವಲಸೆ ಬಂದು ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರಿಗೆ ತಮ್ಮ ಬದುಕಿನ ಘಟನೆಗಳನ್ನು ನೆನಪಿಸಿಕೊಳ್ಳಲು ಹೇಳಿದರು. ರಷ್ಯನ್ ಭಾಷೆಯಲ್ಲಿ ಕೇಳಿದಾಗ ರಷ್ಯನ್ ಆಡುತ್ತಿದ್ದ ಕಾಲದ ಘಟನೆಗಳು ಹೆಚ್ಚಾಗಿ ನೆನಪಿಗೆ ಬಂದವು, ಇಂಗ್ಲಿಷಿನಲ್ಲಿ ಕೇಳಿದಾಗ ಇಂಗ್ಲಿಷಿನ ಕಾಲದವು. ಆದ್ದರಿಂದ ಕೊನೆಗೆ ಯಾವ ಭಾಷೆಯಲ್ಲಿ ಪ್ರಕಟಿಸಿದರೂ, ನೆನಪಿಸಿಕೊಳ್ಳುವ ಕೆಲಸವನ್ನು ಕನ್ನಡದಲ್ಲಿ, ಅದರಲ್ಲಿಯೂ ನಿಮ್ಮ ಮನೆಯ ಕನ್ನಡದಲ್ಲಿ ಮಾಡಿ. ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋದವರು ಶಿಕಾಗೋದಲ್ಲಿದ್ದುಕೊಂಡು ಇಂಗ್ಲಿಷಿನಲ್ಲಿ ಹೆಸರಾದರೂ ಕನ್ನಡ ಕವಿತೆಯನ್ನು ಬಿಡಲಿಲ್ಲ. 1969ರಲ್ಲಿ ಅವರ ಮೊದಲ ಕನ್ನಡ ಸಂಕಲನ ಪ್ರಕಟವಾದದ್ದು ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಕಾರ್ನಾಡರದು ಇನ್ನೂ ಕುತೂಹಲದ ಉದಾಹರಣೆ. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ತರುಣ 1960ರಲ್ಲಿ ಆಕ್ಸ್‌ಫರ್ಡ್‌ಗೆ ಹೊರಡುವ ತಯಾರಿಯಲ್ಲಿದ್ದಾಗ, ಮಗ ತಿರುಗಿ ಬಂದಾನೋ ಇಲ್ಲವೋ ಎಂದು ಮನೆಯವರು ತಳಮಳಿಸುತ್ತಿದ್ದಾಗ, ಅವರ ಕೈಯಿಂದ ಬಂದದ್ದು ಕನ್ನಡದಲ್ಲಿ ‘ಯಯಾತಿ’. ಹೊರಡುವವನ ಸಂಕಟವನ್ನು ಅವರು ನೇರವಾಗಿ ಬರೆಯಲಿಲ್ಲ, ತಂದೆಯ ಮುಪ್ಪನ್ನು ಹೊತ್ತುಕೊಳ್ಳುವ ಮಗನ ಪುರಾಣ ಕತೆಯನ್ನು ಬರೆದರು. ನೀವು ನಾಟಕ ಬರೆಯಬೇಕೆಂದು ಇದರ ಅರ್ಥವಲ್ಲ. ವಲಸೆಯನ್ನು ಕುರಿತ ಬರಹದಲ್ಲಿ ವಲಸೆ ಎಂಬ ಸಂಗತಿ ಎದುರಿಗೇ ನಿಂತಿರಬೇಕಾಗಿಲ್ಲ ಎಂದಷ್ಟೇ.

ಮನೆಯ ಕನ್ನಡ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ನಿಮ್ಮ ಪುಟದ ಮುಂದಿನ ಭಾಗದಲ್ಲಿ ಅಜ್ಜಿ ‘ಚಪ್ಪಲಿಯನ್ನು ಎಲ್ಲಿ ಇಟ್ಟಿದ್ದೀಯೋ ಸರಿಯಾಗಿ ನೋಡು’ ಎನ್ನುತ್ತಾರೆ. ಹುಬ್ಬಳ್ಳಿಯ ಅಜ್ಜಿ ಹಾಗೆ ಮಾತನಾಡಿರಲಿಕ್ಕಿಲ್ಲ. ‘ಇಲ್ಲೇ ಇದ್ದೂವಲ್ಲೋ, ಛಂದಂಗ ನೋಡು’ ಎಂದಿರಬಹುದು, ಇನ್ನೇನೋ ಅಂದಿರಬಹುದು. ನಾನು ಕೊಟ್ಟ ಈ ವಾಕ್ಯವನ್ನು ಮಾತ್ರ ಎತ್ತಿ ಹಾಕಿಕೊಳ್ಳಬೇಡಿ. ಅವರ ಮಾತು ನೆನಪಿದ್ದರೆ ಅವರು ಆಡಿದ ಹಾಗೆಯೇ ಬರೆಯಿರಿ; ನೆನಪಿಲ್ಲದಿದ್ದರೆ ಉದ್ಧರಣ ಚಿಹ್ನೆ ಹಾಕದೆ, ನೋಡಲು ಹೇಳಿದರು ಎಂದಷ್ಟೇ ಬರೆದರೂ ಸಾಕು. ನಿರೂಪಣೆ ಗ್ರಂಥಸ್ಥ ಕನ್ನಡದಲ್ಲಿದ್ದು ಮಾತು ಮಾತ್ರ ಧಾರವಾಡದ ಕನ್ನಡದಲ್ಲಿದ್ದರೆ ಓದುಗರಿಗೆ ತೊಂದರೆಯಾಗುವುದಿಲ್ಲ. ಈ ಕಡೆಯ ಗದ್ಯದಲ್ಲಿ ಅದು ಹಳೆಯ ಪದ್ಧತಿ. ಓದುವಾಗ ಗಮನಿಸಬೇಕಾದದ್ದೆಂದರೆ, ನುರಿತ ಲೇಖಕರು ಆಡುಮಾತಿನ ಎಲ್ಲ ಧ್ವನಿಗಳನ್ನೂ ಲಿಪಿಗೆ ಇಳಿಸುವುದಿಲ್ಲ. ಒಂದೆರಡು ಪ್ರತ್ಯಯ, ಒಂದು ಕರೆಯುವ ರೀತಿ ಹಿಡಿದು ಉಳಿದದ್ದನ್ನು ಓದುಗನ ಕಿವಿಗೆ ಬಿಡುತ್ತಾರೆ.

ಊರಿಗೆ ಬಂದು ನೋಡಿ ಬರೆಯಲೇ ಎಂದು ಕೇಳಿದ್ದೀರಿ. ಬನ್ನಿ, ಆದರೆ ಮೊದಲ ಕರಡು ಮುಗಿದ ಮೇಲೆ ಬನ್ನಿ. ಹುಬ್ಬಳ್ಳಿಯಲ್ಲಿಯೇ ಉಳಿದ ನಿಮ್ಮ ಓರಗೆಯವರ 1991ರ ಮೇಲೆ ಮೂವತ್ತು ವರ್ಷಗಳ ಹುಬ್ಬಳ್ಳಿ ಪದರು ಪದರಾಗಿ ಕುಳಿತಿದೆ. ನಿಮ್ಮದರ ಮೇಲೆ ಅಷ್ಟು ಕುಳಿತಿಲ್ಲ. ಊರು ಬಿಟ್ಟವನಿಗೆ ಇರುವ ಒಂದೇ ಲಾಭ ಇದು, ಅದನ್ನು ಬಂದ ದಿನವೇ ಕಳೆದುಕೊಳ್ಳಬೇಡಿ. ಈಗ ನೀವು ಬಂದು ಇಳಿಯುವ ಹುಬ್ಬಳ್ಳಿ ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಅದನ್ನು ಒಮ್ಮೆ ನಡೆದರೆ, ಒಂಬತ್ತು ವರ್ಷದ ಹುಡುಗ ಅಪ್ಪನ ಕೈ ಹಿಡಿದು ನಿಂತ ಮೀಟರ್‌ಗೇಜ್ ಕಾಲದ ಪ್ಲಾಟ್‌ಫಾರ್ಮ್ ಮತ್ತೆ ಅಷ್ಟು ಸುಲಭವಾಗಿ ಕಣ್ಣಿಗೆ ಕಟ್ಟುವುದಿಲ್ಲ.

ಕರಡು ಮುಗಿದ ಮೇಲೆ ಬಂದರೆ ತಪಾಸಣೆಯ ಕೆಲಸ ಬೇಕಾದಷ್ಟಿದೆ. ಒಂದು ಚಿಕ್ಕ ಸಂಗತಿಯನ್ನು ಈಗಲೇ ಹೇಳುತ್ತೇನೆ: ‘ಗದಗ ಜಿಲ್ಲೆಯ ಅಜ್ಜನ ಊರು’ ಎಂದು ಬರೆದಿದ್ದೀರಿ. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ನೀವು ಸೂಟಿಗೆ ಹೋಗುತ್ತಿದ್ದಾಗ ಅದೆಲ್ಲ ಧಾರವಾಡ ಜಿಲ್ಲೆಯೇ. ಅಜ್ಜನ ಊರಿಗೆ ನಿಮ್ಮನ್ನು ಒಯ್ದ ಸರ್ಕಾರಿ ಬಸ್ಸಿನ ಮೇಲೆ ವಾಯವ್ಯ ಸಾರಿಗೆ ಎಂದು ಬರೆದಿರಲಿಲ್ಲ, ಏಕೆಂದರೆ ಆ ಸಂಸ್ಥೆ ಬೇರೆಯಾದದ್ದೂ 1997ರಲ್ಲಿಯೇ. ಧಾರವಾಡದ ಕಡೆಗೆ ಹೋಗುವ ರಸ್ತೆಯ ನಡುವೆ ಚಿಗರಿ ಬಸ್ಸುಗಳು ಓಡತೊಡಗಿದ್ದಂತೂ 2018ರಲ್ಲಿ. ಇವು ದೊಡ್ಡ ತಪ್ಪುಗಳಲ್ಲ, ಸಾಮಾನ್ಯ ಓದುಗ ಗಮನಿಸದೆಯೂ ಇರಬಹುದು. ಆದರೂ ಅಲ್ಲಿ ನಡುವಯಸ್ಸಿನ ನೀವು ಹುಡುಗನ ಕೈಗೆ ನಿಮ್ಮ ನಕ್ಷೆಯನ್ನು ಕೊಟ್ಟುಬಿಟ್ಟಿದ್ದೀರಿ. ಆ ಹುಡುಗನಿಗೆ ಜಿಲ್ಲೆ ಎಂಬುದು ಗೊತ್ತಿತ್ತೋ ಇಲ್ಲವೋ, ಬಸ್ಸಿನಲ್ಲಿ ಯಾವ ಕಡೆಯ ಕಿಟಕಿಗೆ ಜಗಳವಾಡುತ್ತಿದ್ದ ಎಂಬುದು ಗೊತ್ತಿತ್ತು. ಆ ಕಾಲದ ದಿನಪತ್ರಿಕೆ ಮತ್ತು ನಿಯತಕಾಲಿಕಗಳ ಹಳೆಯ ಸಂಚಿಕೆಗಳು ಎಲ್ಲಿಯಾದರೂ ಸಿಕ್ಕರೆ ಸುದ್ದಿಗಿಂತ ಹೆಚ್ಚಾಗಿ ಜಾಹೀರಾತುಗಳನ್ನು ನೋಡಿ. ಹುಬ್ಬಳ್ಳಿಯಿಂದಲೇ ಹೊರಡುತ್ತಿದ್ದ ‘ಸಂಯುಕ್ತ ಕರ್ನಾಟಕ’ ಮತ್ತು ‘ಕಸ್ತೂರಿ’ ನಿಮ್ಮ ಮನೆಗೆ ಬರುತ್ತಿದ್ದಿರಬಹುದು; ಅಕ್ಷರ ಕೂಡಿಸಿ ಓದಲು ಕಲಿತದ್ದು ಯಾವ ಕಾಗದದ ಮೇಲೆ ಎಂಬುದೂ ಬರೆಯಬೇಕಾದ ಸಂಗತಿಯೇ, ನಿಮ್ಮ ಪುಟದಲ್ಲಿ ಅದರ ಸುಳಿವೇ ಇಲ್ಲ.

ಪತ್ರದ ಕೊನೆಯಲ್ಲಿ, ಅಕ್ಕನನ್ನು ಕೇಳಿ ವಿವರಗಳನ್ನು ತುಂಬಿಕೊಳ್ಳುವುದಾಗಿ ಬರೆದಿದ್ದೀರಿ. ಸದ್ಯಕ್ಕೆ ಕೇಳಬೇಡಿ. ಆಕೆ ಹೇಳಿದೊಡನೆ ಆಕೆಯ ಬೆಳಗು ನಿಮ್ಮ ಬೆಳಗಿನೊಳಗೆ ಸೇರಿಕೊಂಡು, ಯಾವುದು ಯಾರದೆಂದು ಬೇರೆ ಮಾಡಲು ಬಾರದಂತಾಗುತ್ತದೆ. ನಿಮ್ಮದನ್ನು ಮೊದಲು ಬರೆದು, ದಿನಾಂಕ ಹಾಕಿ ಎತ್ತಿಡಿ. ಆಮೇಲೆ ಆ ದಿನದ ಬಗ್ಗೆ ಆಕೆಯೂ ತನ್ನಷ್ಟಕ್ಕೆ ಒಂದು ಪುಟ ಬರೆದು ಕಳಿಸಲಿ. ನಿಮ್ಮದನ್ನು ಆಕೆಗೆ ತೋರಿಸದೆ ಕೇಳಿ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಆಕೆಯ ಪುಟದಲ್ಲಿ ಚಪ್ಪಲಿಯ ಮಾತೇ ಇಲ್ಲದಿದ್ದರೆ ಗಾಬರಿಯಾಗಬೇಡಿ, ನಿಮ್ಮದರಿಂದ ಅದನ್ನು ತೆಗೆಯಲೂ ಬೇಡಿ. ಆಕೆಗೆ ಚಪ್ಪಲಿಯ ಸಂಗತಿ ಗೊತ್ತಿದ್ದರೆ, ‘ಅಂತೆ’ ಹಚ್ಚಿ ಬರೆಯಬೇಕಾದ ವಾಕ್ಯ ನಿಮಗೆ ಅಲ್ಲಿ ಸಿಗುತ್ತದೆ.